ಸೆಕೆಯ ಊರಲ್ಲಿ ರೆಡ್ ವೆಲ್ವೆಟ್ ಕೇಕಿಗೆ ಯಾವ ಕ್ರೀಮ್ ಹಚ್ಚಬೇಕು?

ಬಿಸು ಕಳೆದು ವಾರವಾಗಿತ್ತು. ಬದಿಯಡ್ಕದಿಂದ ಉಪ್ಪಳಕ್ಕೆ ಒಂದು ಹುಟ್ಟುಹಬ್ಬದ ಕೇಕ್ ಕೊಂಡುಹೋಗಬೇಕಿತ್ತು. ಮೂರು ಪದರದ ರೆಡ್ ವೆಲ್ವೆಟ್, ಒಳಗೂ ಹೊರಗೂ ಕ್ರೀಮ್ ಚೀಸ್. ಫ್ರಿಜ್‌ನಿಂದ ತೆಗೆಯುವಾಗ ಕಲ್ಲಿನ ಹಾಗಿತ್ತು. ಕುಂಬಳೆ ದಾಟಿದ ಮೇಲೆ ಹೆದ್ದಾರಿ ಕೆಲಸದ ಹತ್ತಿರ ವಾಹನಗಳ ಸಾಲಿನಲ್ಲಿ ಸಿಕ್ಕಿಬಿದ್ದೆವು. ಉಪ್ಪಳದ ಮನೆಯಲ್ಲಿ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿದರೆ ಮೇಲಿನ ಪದರ ಒಂದು ಬೆರಳಿನಷ್ಟು ಪಕ್ಕಕ್ಕೆ ಸರಿದಿತ್ತು. ಬದಿಯ ಬಿಳಿ ಕ್ರೀಮಿನಲ್ಲಿ ಕೆಂಪು ನೀರಿನ ಗೆರೆಗಳು ಇಳಿದಿದ್ದವು. ಮಗುವಿನ ತಾಯಿ, "ಪರವಾಗಿಲ್ಲ ಅಕ್ಕ, ರುಚಿ ಇದ್ದರಾಯಿತು" ಅಂದರು. ಮಗು ಮಾತ್ರ ಕೇಕನ್ನೇ ನೋಡುತ್ತಾ ಸುಮ್ಮನೆ ನಿಂತಿತ್ತು. ಆ ಮುಖ ನನಗೆ ಇನ್ನೂ ಮರೆತಿಲ್ಲ.

ಕೇಕ್ ಚೆನ್ನಾಗಿಯೇ ಬೆಂದಿತ್ತು. ಕ್ರೀಮ್ ಆರಿಸುವಾಗ ನಾನು ರುಚಿಯೊಂದನ್ನೇ ನೋಡಿದ್ದೆ. ದಾರಿ ಎಷ್ಟು ದೂರ, ಹೊತ್ತು ಯಾವುದು, ಸೆಕೆ ಎಷ್ಟು ಎಂದು ಯೋಚಿಸಿರಲಿಲ್ಲ. ನಾವು ನೋಡಿ ಕಲಿಯುವ ಹೆಚ್ಚಿನ ರೆಸಿಪಿಗಳು ತಂಪು ದೇಶದವು. ಅಲ್ಲಿ 'ರೂಮ್ ಟೆಂಪರೇಚರ್' ಎಂದರೆ 20, 21 ಡಿಗ್ರಿ. ನಮ್ಮ ಕಾಸರಗೋಡಿನ ಅಡುಗೆಮನೆಯಲ್ಲಿ ಏಪ್ರಿಲ್ ಮಧ್ಯಾಹ್ನ ಅದು 32, 33. ಬೆಣ್ಣೆ ಕರಗಲು ಶುರುವಾಗುವುದೇ ಅಷ್ಟರಲ್ಲಿ. ಹಾಗಾಗಿ ಈ ಊರಲ್ಲಿ ಕೂತು ಕೇಕ್ ಮಾಡುವವರಿಗೆ ಈ ಊರಿನದೇ ಲೆಕ್ಕ ಬೇಕು.

ಮೊದಲು ಕೇಕನ್ನು ಅರ್ಥ ಮಾಡಿಕೊಳ್ಳಿ

ರೆಡ್ ವೆಲ್ವೆಟ್ ಎಂದರೆ ಕೆಂಪು ಬಣ್ಣ ಹಾಕಿದ ವೆನಿಲಾ ಕೇಕ್ ಎಂದುಕೊಂಡವರು ಬಹಳ ಮಂದಿ. ಅದರಲ್ಲಿ ಮಜ್ಜಿಗೆ ಇದೆ, ಒಂದು ಚಮಚ ವಿನೆಗರ್ ಇದೆ, ಅಡುಗೆ ಸೋಡಾ ಇದೆ, ಎರಡು ಚಮಚದಷ್ಟು ಕೋಕೋ ಇದೆ. ಹುಳಿಯೂ ಸೋಡಾವೂ ಸೇರಿ ಕೇಕನ್ನು ಮೃದು ಮಾಡುತ್ತವೆ. ಬಾಯಿಗೆ ಹಾಕಿದರೆ ಕೊನೆಗೆ ಸಣ್ಣ ಹುಳಿ ಉಳಿಯಬೇಕು. ಸಂಸ್ಕರಿಸದ ಕೋಕೋ ಹುಳಿಯ ಜೊತೆ ಸೇರಿದಾಗ ತುಸು ಕೆಂಪು ಛಾಯೆ ಬರುತ್ತದೆ. ಹಳೆಯ ಕೇಕಿನ ಕೆಂಪು ಅಷ್ಟೇ ಇತ್ತು. ಆಮೇಲೆ ಅಮೆರಿಕದ ಟೆಕ್ಸಸ್‌ನ ಆಡಮ್ಸ್ ಎಂಬ ಎಸೆನ್ಸ್ ಕಂಪನಿ ತನ್ನ ಕೆಂಪು ಬಣ್ಣದ ಜೊತೆಗೆ ಈ ಕೇಕಿನ ರೆಸಿಪಿಯನ್ನೂ ಹಂಚಿ, ಕಡುಗೆಂಪನ್ನು ಮನೆಮನೆಗೆ ಮುಟ್ಟಿಸಿತು.

ನಮಗೆ ಇಲ್ಲಿ ಬೇಕಾದ ವಿಷಯ ಇನ್ನೊಂದು. ಈ ಕೇಕಿಗೆ ಮೊದಲು ಹಚ್ಚುತ್ತಿದ್ದದ್ದು ಕ್ರೀಮ್ ಚೀಸ್ ಅಲ್ಲ. ಹಾಲಿನಲ್ಲಿ ಮೈದಾ ಕಾಯಿಸಿ, ತಣಿಸಿ, ಬೆಣ್ಣೆಯೊಂದಿಗೆ ಬೀಟ್ ಮಾಡಿದ ಕ್ರೀಮ್ ಅದು. ಎರ್ಮಿನ್ ಫ್ರಾಸ್ಟಿಂಗ್ ಎನ್ನುತ್ತಾರೆ. ಚಳಿಗಾಲದಲ್ಲಿ ಬೆಳ್ಳಗಾಗುವ ಒಂದು ಪುಟ್ಟ ಪ್ರಾಣಿಯ ತುಪ್ಪಳಕ್ಕೆ ಆ ಹೆಸರು. ಕ್ರೀಮ್ ಚೀಸ್ ಬಂದದ್ದು ಆಮೇಲೆ. ಆದರೆ ಈಗ ರೆಡ್ ವೆಲ್ವೆಟ್ ಎಂದ ಕೂಡಲೇ ಎಲ್ಲರೂ ಅದನ್ನೇ ಹೇಳುತ್ತಾರೆ.

ಆರ್ಡರ್ ತೆಗೆದುಕೊಳ್ಳುವಾಗಲೇ ಕೇಳಿ

ಕೇಕ್ ಫ್ರಿಜ್‌ನ ಹೊರಗೆ ಎಷ್ಟು ಹೊತ್ತು ಇರುತ್ತದೆ? ಇದನ್ನು ಕೇಳದೆ ಮುಂದೆ ಹೋಗಬೇಡಿ. ದಾರಿಯ ಸಮಯ, ಅಲ್ಲಿ ಮೇಜಿನ ಮೇಲೆ ಇಟ್ಟು ಫೋಟೋ ತೆಗೆಯುವ ಸಮಯ, ನೆಂಟರನ್ನು ಕಾಯುವ ಸಮಯ, ಎಲ್ಲವನ್ನೂ ಕೂಡಿಸಿ. "ನಾಲ್ಕು ಗಂಟೆಗೆ ಕಟ್ ಮಾಡ್ತೇವೆ" ಎಂದರೆ ಐದೂವರೆ ಎಂದು ಹಿಡಿಯಿರಿ. ಅಂಗಳದ ಚಪ್ಪರದಲ್ಲಿಯೋ, ಎ.ಸಿ. ಹಾಲ್‌ನಲ್ಲಿಯೋ ಎಂಬುದನ್ನೂ ಕೇಳಿ.

ಮೊಟ್ಟೆ ಆಗುತ್ತದೆಯೇ ಎಂದು ಎರಡನೆಯದಾಗಿ ಕೇಳಿ. ನಮ್ಮ ಕಡೆ ಕೇಕಿನಲ್ಲಿ ಮೊಟ್ಟೆ ಬೇಡ ಎನ್ನುವ ಮನೆಗಳು ತುಂಬ ಇವೆ. ಆದರೆ ಅವರೂ ಕ್ರೀಮಿನ ಬಗ್ಗೆ ಕೇಳುವುದು ಕಡಿಮೆ. ಸ್ವಿಸ್ ಬಟರ್ ಕ್ರೀಮಿನಂಥವನ್ನು ಮೊಟ್ಟೆಯ ಬಿಳಿಯಿಂದ ಮಾಡುತ್ತಾರೆ. ಅದು ನುಣುಪಾಗಿ ಬರುತ್ತದೆ ನಿಜ. ಆದರೂ ಹೇಳದೆ ಹಾಕುವುದು ತಪ್ಪು.

ಇನ್ನು, ಸಾಮಾನು ಎಲ್ಲಿ ಸಿಗುತ್ತದೆ? ಕಾಸರಗೋಡು ಪೇಟೆಯ ಅಥವಾ ಮಂಗಳೂರಿನ ಕೇಕ್ ಸಾಮಾನಿನ ಅಂಗಡಿಗಳಲ್ಲಿ ಎಲ್ಲವೂ ಉಂಟು. ಪೆರ್ಲ, ಮುಳ್ಳೇರಿಯದ ಕಡೆಯವರು ಒಂದು ಡಬ್ಬಿ ಕ್ರೀಮ್ ಚೀಸಿಗಾಗಿ ಬಸ್ ಹತ್ತಬೇಕು, ತರುವಾಗ ಅದು ಬೆಚ್ಚಗಾಗದಂತೆ ನೋಡಿಕೊಳ್ಳಬೇಕು.

ಕ್ರೀಮ್ ಚೀಸ್: ಮನೆಯಲ್ಲೇ ಕತ್ತರಿಸುವ ಕೇಕಿಗೆ

ರುಚಿಯ ಮಟ್ಟಿಗೆ ಇದಕ್ಕೆ ಸಾಟಿ ಇಲ್ಲ, ಒಪ್ಪುತ್ತೇನೆ. ಕೇಕಿನ ಹುಳಿಗೆ ಚೀಸಿನ ಹುಳಿ ಸೇರುತ್ತದೆ, ಸಿಹಿ ಮೇಲೇರುವುದಿಲ್ಲ. ಎಂಟು ಇಂಚಿನ ಕೇಕಿಗೆ 225 ಗ್ರಾಂ ಕ್ರೀಮ್ ಚೀಸ್, 115 ಗ್ರಾಂ ಉಪ್ಪಿಲ್ಲದ ಬೆಣ್ಣೆ, 200ರಿಂದ 250 ಗ್ರಾಂ ಐಸಿಂಗ್ ಶುಗರ್, ಒಂದು ಚಮಚ ವೆನಿಲಾ.

ಬ್ರೆಡ್ಡಿಗೆ ಹಚ್ಚಲೆಂದೇ ಮಾಡಿದ ಡಬ್ಬಿಯ ಚೀಸ್‌ನಲ್ಲಿ ನೀರು ಹೆಚ್ಚು. ಗಟ್ಟಿ ಇಟ್ಟಿಗೆಯಂತೆ ಬರುವುದು ಸಿಕ್ಕಿದರೆ ಅದನ್ನೇ ತನ್ನಿ. ಡಬ್ಬಿಯದೇ ಗತಿ ಎಂದಾದರೆ ತೆಳು ಬಟ್ಟೆಯಲ್ಲಿ ಕಟ್ಟಿ ಫ್ರಿಜ್‌ನಲ್ಲಿ ಒಂದು ರಾತ್ರಿ ಜರಡಿಯ ಮೇಲೆ ಇಡಿ, ಕೆಳಗೆ ನೀರು ಇಳಿಯುತ್ತದೆ. ಮೊದಲು ಬೆಣ್ಣೆ ಮತ್ತು ಸಕ್ಕರೆಯನ್ನು ಬೆಳ್ಳಗಾಗುವವರೆಗೆ ಬೀಟ್ ಮಾಡಿ. ಚೀಸನ್ನು ಫ್ರಿಜ್‌ನಿಂದ ಆಗಷ್ಟೇ ತೆಗೆದು, ತಣ್ಣಗಿರುವಾಗಲೇ ಕೊನೆಗೆ ಸೇರಿಸಿ. ಬೀಟರ್ ಕಡಿಮೆ ವೇಗದಲ್ಲಿ, ಅರ್ಧ ನಿಮಿಷ ಸಾಕು. ಗಟ್ಟಿಯಾಗಲಿ ಎಂದು ಹೆಚ್ಚು ಹೊತ್ತು ಬೀಟ್ ಮಾಡಿದಷ್ಟೂ ಅದು ನೀರಾಗುತ್ತದೆ. ನೀರಾಯಿತೆಂದು ಇನ್ನಷ್ಟು ಸಕ್ಕರೆ ಸುರಿದರೆ ಇನ್ನೂ ಸಡಿಲವಾಗುತ್ತದೆ, ಸಕ್ಕರೆ ಚೀಸಿನ ನೀರನ್ನು ಹೊರಗೆ ಎಳೆಯುತ್ತದಲ್ಲ. ಹಾಗಾದಾಗ ಪಾತ್ರೆಯನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ಕಾಯುವುದೊಂದೇ ದಾರಿ.

ಸ್ವಲ್ಪ ಬಲ ಬೇಕೆಂದರೆ 120 ಗ್ರಾಂ ಬಿಳಿ ಚಾಕೊಲೇಟ್ ಕರಗಿಸಿ, ಬಿಸಿ ಆರಿದ ಮೇಲೆ ಬೆಣ್ಣೆಗೆ ಸೇರಿಸಿ. ಆಗ ಸಕ್ಕರೆ ಅರ್ಧ ಸಾಕು. ಫ್ರಿಜ್‌ನಲ್ಲಿ ಇದು ಚೆನ್ನಾಗಿ ಬಿಗಿಯುತ್ತದೆ.

ಕ್ರೀಮ್ ಚೀಸ್ ಬೇಗ ಹಾಳಾಗುವ ಪದಾರ್ಥ. ಹೊರಗೆ ಎರಡು ಗಂಟೆ ಮೀರಬಾರದು. ಸೆಕೆ 32 ಡಿಗ್ರಿ ದಾಟಿದರೆ ಒಂದೇ ಗಂಟೆ. ನಮ್ಮಲ್ಲಿ ಫೆಬ್ರವರಿ ಕೊನೆಯಿಂದ ಮಳೆ ಹಿಡಿಯುವವರೆಗೆ ಆ ಒಂದು ಗಂಟೆಯ ಲೆಕ್ಕವನ್ನೇ ಇಟ್ಟುಕೊಳ್ಳಿ. ಮಕ್ಕಳು ತಿನ್ನುವ ವಸ್ತು ಇದು, ಇಲ್ಲಿ ರಾಜಿ ಬೇಡ.

ಚೀಸ್ ಸಿಗದಿದ್ದರೆ ಕಟ್ಟಿದ ಮೊಸರು ಆಗುತ್ತದೆಯೇ ಎಂದು ಕೇಳುವವರಿದ್ದಾರೆ. ಪದರದ ನಡುವೆ ತೆಳುವಾಗಿ ಹಚ್ಚಿ, ಆ ದಿನವೇ ತಿನ್ನುವುದಾದರೆ ಆದೀತು. ಕೇಕಿನ ಹೊರಗೆ ಹಚ್ಚಲು, ಹೂ ಬಿಡಿಸಲು ಅದು ನಿಲ್ಲುವುದಿಲ್ಲ.

ಎರ್ಮಿನ್: ಮಣ್ಣಿ ಕಾಯಿಸಲು ಬಲ್ಲವರಿಗೆ ಕಷ್ಟವಿಲ್ಲ

ಉಪ್ಪಳದ ಆ ದಿನದ ನಂತರ ನಾನು ಹಿಡಿದ ದಾರಿ ಇದು. ಬೇಕಾದದ್ದು ಹಾಲು, ಮೈದಾ, ಸಕ್ಕರೆ, ಬೆಣ್ಣೆ. ಹಳ್ಳಿಯ ಅಂಗಡಿಯಲ್ಲೇ ಎಲ್ಲವೂ ಸಿಗುತ್ತವೆ. ಐಸಿಂಗ್ ಶುಗರ್ ಕೂಡ ಬೇಡ. ಆಟಿ ತಿಂಗಳಲ್ಲಿ ಆ ಪುಡಿ ಡಬ್ಬಿಯೊಳಗೇ ಗಂಟು ಕಟ್ಟುವುದನ್ನು ನೋಡಿದವರಿಗೆ ಇದು ಸಣ್ಣ ಅನುಕೂಲವಲ್ಲ.

ಅಳತೆ ಹೀಗೆ: ಹಾಲು 240 ಮಿ.ಲೀ., ಮೈದಾ 40 ಗ್ರಾಂ, ಅಂದರೆ ಐದು ದೊಡ್ಡ ಚಮಚ. ಸಾದಾ ಸಕ್ಕರೆ 200 ಗ್ರಾಂ. ಉಪ್ಪಿಲ್ಲದ ಬೆಣ್ಣೆ 225 ಗ್ರಾಂ. ಚಿಟಿಕೆ ಉಪ್ಪು, ವೆನಿಲಾ. ಎಂಟು ಇಂಚಿನ ಕೇಕಿನ ಒಳಗೂ ಹೊರಗೂ ಧಾರಾಳ ಸಾಕು.

ದಪ್ಪ ತಳದ ಪಾತ್ರೆಯಲ್ಲಿ ಮೈದಾ ಮತ್ತು ಸಕ್ಕರೆಯನ್ನು ಒಣಗಿದ್ದಾಗಲೇ ಬೆರೆಸಿ. ಹಾಲನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ಗಂಟಿಲ್ಲದಂತೆ ಕಲಸಿ. ಆಮೇಲೆ ಒಲೆ ಹಚ್ಚಿ, ಸಣ್ಣ ಉರಿ. ಸೌಟು ನಿಲ್ಲಿಸುವ ಹಾಗಿಲ್ಲ. ನಾಲ್ಕೈದು ನಿಮಿಷ ಏನೂ ಆಗದಂತೆ ಕಾಣುತ್ತದೆ. ಮತ್ತೆ ತಟ್ಟನೆ ತಳದಿಂದ ದಪ್ಪವಾಗಿ ಬರುತ್ತದೆ, ರಾಗಿ ಮಣ್ಣಿ ಹಿಡಿಯುವ ಹಾಗೆಯೇ. ಪುಟಪುಟ ಗುಳ್ಳೆ ಎದ್ದ ಮೇಲೂ ಒಂದು ನಿಮಿಷ ಕಾಯಿಸಿ, ಇಲ್ಲದಿದ್ದರೆ ಹಸಿ ಮೈದಾದ ವಾಸನೆ ಕ್ರೀಮಿನಲ್ಲಿ ಉಳಿದುಬಿಡುತ್ತದೆ. ಸೌಟಿನಿಂದ ತಳದಲ್ಲಿ ಒಂದು ಗೆರೆ ಎಳೆಯಿರಿ. ಪಾತ್ರೆಯ ತಳ ಎರಡು ಕ್ಷಣ ಕಂಡು ಮತ್ತೆ ಮುಚ್ಚಿಕೊಂಡರೆ ಹದ ಬಂತು. ಗೆರೆ ಹಾಗೆಯೇ ಉಳಿದರೆ ತುಸು ಹೆಚ್ಚಾಗಿದೆ, ಒಂದು ಚಮಚ ಹಾಲು ಸೇರಿಸಿ.

ಜರಡಿಯಲ್ಲಿ ಸೋಸಿ, ಅಗಲ ತಟ್ಟೆಗೆ ಹಾಕಿ. ಕೆನೆ ಕಟ್ಟಬಾರದು. ಅದಕ್ಕೆ ಪ್ಲಾಸ್ಟಿಕ್ ಹಾಳೆಯನ್ನು ಮೇಲ್ಮೈಗೆ ತಾಗುವಂತೆ ಹಾಸುತ್ತಾರೆ. ನಾನು ಬಾಡಿಸಿದ ಬಾಳೆಲೆಯ ತುಂಡು ಹಾಸುತ್ತೇನೆ, ಬಿಸಿ ವಸ್ತುವಿನ ಮೇಲೆ ಪ್ಲಾಸ್ಟಿಕ್ ಹಾಕಲು ಮನಸ್ಸು ಬರುವುದಿಲ್ಲ. ಹೊರಗೆ ಆರಿಸಿ, ಮತ್ತೆ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಮುಟ್ಟಿದರೆ ತಣ್ಣಗಿರಬೇಕು, ಹಲ್ವದ ಹಾಗೆ ಗಟ್ಟಿಯಾಗಬಾರದು.

ಇನ್ನು ಬೆಣ್ಣೆ. 'ಹೊರಗೆ ಒಂದು ಗಂಟೆ ಇಡಿ' ಎಂಬ ಮಾತನ್ನು ನಮ್ಮ ಊರಲ್ಲಿ ನಂಬಬೇಡಿ. ಸಣ್ಣ ತುಂಡು ಮಾಡಿ ಹತ್ತು, ಹದಿನೈದು ನಿಮಿಷ ಇಟ್ಟರೆ ಸಾಕು. ಬೆರಳು ಒತ್ತಿದರೆ ಗುರುತು ಬೀಳಬೇಕು, ಬೆರಳಿಗೆ ಜಿಡ್ಡು ಹೊಳೆಯಬಾರದು. ಐದು ನಿಮಿಷ ಜೋರಾಗಿ ಬೀಟ್ ಮಾಡಿದರೆ ಹಳದಿ ಬಣ್ಣ ಇಳಿದು ಬೆಳ್ಳಗೆ ಹಗುರವಾಗುತ್ತದೆ. ಆಮೇಲೆ ತಣಿದ ಹಿಟ್ಟನ್ನು ಒಂದೊಂದೇ ಚಮಚ ಹಾಕುತ್ತಾ ಬೀಟ್ ಮಾಡಿ.

ನಡುವೆ ಒಮ್ಮೆ ಅದು ಒಡೆದಂತೆ ಕಾಣಬಹುದು. ಮೊಸರು ಕಡೆಯುವಾಗ ಬೆಣ್ಣೆ ಕಾಳು ಕಾಳಾಗಿ ಬಿಡಿಸಿಕೊಳ್ಳುತ್ತದಲ್ಲ, ಹಾಗೆ. ನನಗೆ ಮೊದಲ ಸಲ ಹಾಗಾದಾಗ ಎಲ್ಲ ಕೆಟ್ಟಿತು ಎಂದು ಬೀಟರ್ ನಿಲ್ಲಿಸಿಬಿಟ್ಟಿದ್ದೆ. ನಿಲ್ಲಿಸಬೇಡಿ. ಪಾತ್ರೆ ತೀರಾ ತಣ್ಣಗಿದ್ದರೆ ಹೊರಗಿನಿಂದ ಒದ್ದೆ ಬಿಸಿ ಬಟ್ಟೆಯನ್ನು ಅರ್ಧ ನಿಮಿಷ ಒತ್ತಿಹಿಡಿದು ಮತ್ತೆ ಬೀಟ್ ಮಾಡಿ, ಒಂದಾಗುತ್ತದೆ. ಪಾಯಸದಂತೆ ತೆಳುವಾದರೆ ಬೆಣ್ಣೆ ಬೆಚ್ಚಗಾಗಿದೆ ಎಂದರ್ಥ. ಹದಿನೈದು ನಿಮಿಷ ಫ್ರಿಜ್‌ನಲ್ಲಿಟ್ಟು ಪುನಃ ಬೀಟ್ ಮಾಡಿ. ಸರಿಯಾಗಿ ಬಂದ ಎರ್ಮಿನ್ ಬಾಯಲ್ಲಿ ಐಸ್‌ಕ್ರೀಮಿನಂತೆ ಕರಗುತ್ತದೆ, ನಾಲಿಗೆಗೆ ಸಕ್ಕರೆಯ ಹರಳು ಸಿಗುವುದಿಲ್ಲ.

ಮೈದಾದ ಗಂಜಿ ಹಾಲಿನ ನೀರನ್ನು ಹಿಡಿದಿಡುವುದರಿಂದ ಇದು ಕ್ರೀಮ್ ಚೀಸಿನಂತೆ ನೀರು ಬಿಡುವುದಿಲ್ಲ, ಕೆಂಪು ಗೆರೆ ಇಳಿಯುವುದೂ ಕಡಿಮೆ. ಆದರೂ ಬೆಣ್ಣೆ ಬೆಣ್ಣೆಯೇ. ಚಪ್ಪರದ ಬಿಸಿಲಿನಲ್ಲಿ ಇಟ್ಟರೆ ಇದೂ ಸೋಲುತ್ತದೆ. ಹಾಲು, ಬೆಣ್ಣೆಯ ವಸ್ತುವಾದ್ದರಿಂದ ತಿನ್ನುವ ಹೊತ್ತಿನವರೆಗೆ ಫ್ರಿಜ್‌ನಲ್ಲೇ ಇರಲಿ.

ಹುಳಿ ಮಾತ್ರ ಇದಕ್ಕಿಲ್ಲ. ಅದಕ್ಕೆ ನಾನು ಕೊನೆಯಲ್ಲಿ ಒಂದು ಚಮಚ ನಿಂಬೆರಸ ಸೇರಿಸುತ್ತೇನೆ. ಕ್ರೀಮ್ ಚೀಸ್ ಕೈಯಲ್ಲಿದ್ದರೆ 75 ಗ್ರಾಂನಷ್ಟು ಹಾಕಿ ಮೆಲ್ಲಗೆ ಬೆರೆಸುತ್ತೇನೆ. ತಿಂದವರು "ಚೀಸ್ ಕ್ರೀಮಾ?" ಎಂದೇ ಕೇಳುತ್ತಾರೆ. ಚೀಸ್ ಹಾಕಿದ ದಿನ ಹೊರಗಿಡುವ ಲೆಕ್ಕವೂ ಚೀಸಿನದೇ.

ಮನೆಯಲ್ಲಿ ಕಡೆದ ಬೆಣ್ಣೆ ಆಗುತ್ತದೆಯೇ? ಹಸು ಸಾಕಿದ ಮನೆಯವರ ಪ್ರಶ್ನೆ ಇದು. ಅದರಲ್ಲಿ ಮಜ್ಜಿಗೆಯ ಅಂಶ ಉಳಿದಿರುತ್ತದೆ, ದಿನ ಕಳೆದಂತೆ ಹುಳಿ ವಾಸನೆ ಬರುತ್ತದೆ. ಆ ದಿನವೇ ಕಡೆದದ್ದನ್ನು ತಣ್ಣೀರಿನಲ್ಲಿ ನಾಲ್ಕೈದು ಸಲ ತೊಳೆದು, ನೀರು ಹಿಂಡಿ, ಫ್ರಿಜ್‌ನಲ್ಲಿ ಬಿಗಿಸಿ ಬಳಸಬಹುದು. ನಿಮ್ಮ ಮನೆಯವರಿಗೆ ಮಾಡುವಾಗ ಹಾಗೆ ಮಾಡಿ. ದುಡ್ಡು ತೆಗೆದುಕೊಂಡು ಮಾಡುವ ಕೇಕಿಗೆ ಪ್ಯಾಕೆಟ್ ಬೆಣ್ಣೆಯೇ ಕ್ಷೇಮ, ಪ್ರತಿ ಸಲವೂ ಒಂದೇ ಹದ ಸಿಗುತ್ತದೆ.

ವಿಪ್ಪಿಂಗ್ ಕ್ರೀಮ್

ಇಲ್ಲಿನ ಬೇಕರಿಗಳಲ್ಲಿ ಹೆಚ್ಚಾಗಿ ಕಾಣುವುದು ಇದು. ಕೇಕಿನ ರುಚಿ ನಮ್ಮ ಕಡೆಗೆ ಹಳೆಯದು. ನೆರೆಯ ತಲಶ್ಶೇರಿಯಲ್ಲಿ ಮಾಂಬಳ್ಳಿ ಬಾಪು ಎಂಬ ಬೇಕರಿಯವರು ಕ್ರಿಸ್‌ಮಸ್ ಕೇಕ್ ಮಾಡಿದ್ದು 1883ರಲ್ಲಿ. ಆದರೆ ಈಗಿನ ಬಿಳಿ ಕ್ರೀಮಿನ ಕೇಕುಗಳಲ್ಲಿ ಬಹುಪಾಲಿಗೆ ಬಳಸುವುದು ಸಸ್ಯದ ಕೊಬ್ಬಿನಿಂದ ಮಾಡಿದ ಟಾಪಿಂಗ್. ಡೈರಿಯ ಫ್ರೆಶ್ ಕ್ರೀಮ್ ಪೊಟ್ಟಣ ತಂದು ಬೀಟ್ ಮಾಡಿ, ಗಟ್ಟಿಯಾಗಲಿಲ್ಲ ಎಂದು ಕೊರಗುವವರಿದ್ದಾರೆ. ಅದರಲ್ಲಿ ಕೊಬ್ಬು ಸುಮಾರು ಶೇ. 25 ಮಾತ್ರ. ಬೀಟ್ ಮಾಡಿದರೆ ನಿಲ್ಲಬೇಕಾದರೆ 30ರ ಮೇಲೆ ಬೇಕು, 35 ಇದ್ದರೆ ಒಳ್ಳೆಯದು.

ಟಾಪಿಂಗ್ ಹೂ ಬಿಡಿಸಲು, ಹೆಸರು ಬರೆಯಲು ಸುಲಭ, ಖರ್ಚೂ ಕಡಿಮೆ. ಆದರೆ ರೆಡ್ ವೆಲ್ವೆಟ್‌ಗೆ ಬರೀ ಟಾಪಿಂಗ್ ಹಚ್ಚುವುದನ್ನು ನಾನು ಒಪ್ಪುವುದಿಲ್ಲ. ಬಾಯಲ್ಲಿ ಜಿಡ್ಡಿನ ಪದರ ಉಳಿದು ಮಜ್ಜಿಗೆಯ ಹುಳಿ ಮುಚ್ಚಿಹೋಗುತ್ತದೆ. 250 ಮಿ.ಲೀ. ಟಾಪಿಂಗ್ ಬೀಟ್ ಮಾಡಿ, 120 ಗ್ರಾಂ ಕ್ರೀಮ್ ಚೀಸ್ ನುಣುಪು ಮಾಡಿ ಬೆರೆಸಿದರೆ ರುಚಿಯೂ ಉಂಟು, ಆಕಾರವೂ ನಿಲ್ಲುತ್ತದೆ. ಹುಟ್ಟುಹಬ್ಬದ ಆರ್ಡರುಗಳಿಗೆ ಇದು ನ್ಯಾಯವಾದ ಮಧ್ಯದ ದಾರಿ. ಟಾಪಿಂಗನ್ನು ಫ್ರೀಜರ್‌ನಿಂದ ಕೆಳಗಿನ ಅರೆಗೆ ಇಳಿಸಿ ನಿಧಾನ ಕರಗಿಸಿ. ಸ್ವಲ್ಪ ಮಂಜಿನ ಹರಳು ಉಳಿದಿರುವಾಗಲೇ, ತಣ್ಣಗಿನ ಪಾತ್ರೆಯಲ್ಲಿ ಬೀಟ್ ಮಾಡಿ.

ಬೆಣ್ಣೆಗೆ ಎರಡು ಪಾಲು ಸಕ್ಕರೆ ಹಾಕುವ ಸಾದಾ ಬಟರ್ ಕ್ರೀಮ್ ಈ ಕೇಕಿಗೆ ಬೇಡ, ಸಿಹಿಯೊಂದೇ ಮೇಲೆ ನಿಲ್ಲುತ್ತದೆ. ಬಿಳಿ ಚಾಕೊಲೇಟ್ ಗನಾಶ್ ಸೆಕೆಗೆ ಜಗ್ಗುವುದು ಕಡಿಮೆ. ಮೂರು ಪಾಲು ಚಾಕೊಲೇಟಿಗೆ ಒಂದು ಪಾಲು ಕ್ರೀಮ್ ಹಾಕಿ ಮಾಡಿ, ದೂರದ ಪ್ರಯಾಣದ ಕೇಕಿಗೆ ಹೊರಗಿನ ತೆಳು ಕವಚವಾಗಿ ಹಚ್ಚಬಹುದು. ಒಳಗೆ ಎರ್ಮಿನ್ ಇರಲಿ.

ತೀರ್ಮಾನಕ್ಕೆ ಮುಂಚೆ ತಟ್ಟೆಯಲ್ಲಿ ನೋಡಿ

ಕಾರ್ಯಕ್ರಮದ ಎರಡು ದಿನ ಮೊದಲು, ಅದೇ ಹೊತ್ತಿಗೆ, ನಿಮ್ಮ ಕ್ರೀಮಿನ ಎರಡು ಚಮಚವನ್ನು ಸ್ಟೀಲ್ ತಟ್ಟೆಯಲ್ಲಿ ಹೂವಿನಂತೆ ಬಿಡಿಸಿ. ಪಕ್ಕದಲ್ಲಿ ಕೆಂಪು ಕೇಕಿನ ಸಣ್ಣ ತುಂಡಿಟ್ಟು ಅದಕ್ಕೂ ಹಚ್ಚಿ. ಫ್ರಿಜ್‌ನಲ್ಲಿ ಬಿಗಿಸಿ, ಹೊರಗೆ ತಂದು ಗಡಿಯಾರ ನೋಡಿ. ಹೂವಿನ ಅಂಚು ಯಾವಾಗ ಮೊಂಡಾಯಿತು, ಬುಡದಲ್ಲಿ ನೀರು ಯಾವಾಗ ಕಂಡಿತು, ಕೇಕಿನ ಅಂಚಿನಲ್ಲಿ ಗುಲಾಬಿ ಬಣ್ಣ ಯಾವಾಗ ಹರಡಿತು ಎಂದು ಬರೆದಿಡಿ. ನನ್ನ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಅಂಥ ಬರಹಗಳು ತಿಂಗಳಿಗೊಂದರಂತೆ ಇವೆ. ಮೇ ತಿಂಗಳ ಒಂದು ಕಡೆ 'ಕ್ರೀಮ್ ಚೀಸ್, 25 ನಿಮಿಷ' ಎಂದಿದೆ. ಡಿಸೆಂಬರಿನ ಸಂಜೆ ಅದೇ ಕ್ರೀಮ್ ಒಂದೂಕಾಲು ಗಂಟೆ ನಿಂತಿತ್ತು.

ಹಚ್ಚುವಾಗ, ಒಯ್ಯುವಾಗ

ಕೇಕ್ ಪೂರ್ತಿ ತಣಿಯದೆ ಯಾವ ಕ್ರೀಮನ್ನೂ ಮುಟ್ಟಿಸಬೇಡಿ. ಮೊದಲು ತೆಳುವಾಗಿ ಒಂದು ಸುತ್ತು ಹಚ್ಚಿ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಕೆಂಪು ಪುಡಿಗಳೆಲ್ಲ ಆ ಪದರದಲ್ಲೇ ಸಿಕ್ಕಿಕೊಳ್ಳುತ್ತವೆ. ಎರಡನೆಯ ಸುತ್ತು ಶುಭ್ರ ಬಿಳಿ ಬರುತ್ತದೆ. ಒಮ್ಮೆ ಕೇಕಿಗೆ ತಾಗಿದ ಚಮಚವನ್ನು ಬಿಳಿ ಕ್ರೀಮಿನ ಪಾತ್ರೆಗೆ ಮತ್ತೆ ಅದ್ದಬೇಡಿ. ಮೇಲೆ ಉದುರಿಸುವ ಕೆಂಪು ಪುಡಿಯನ್ನು ಓವನ್‌ನಲ್ಲಿ ಹತ್ತು ನಿಮಿಷ ಸಣ್ಣ ಬಿಸಿಗೆ ಒಣಗಿಸಿಕೊಳ್ಳಿ, ಒದ್ದೆ ಪುಡಿ ಬಣ್ಣ ಬಿಡುತ್ತದೆ.

ಮಳೆಗಾಲದಲ್ಲಿ ಸೆಕೆಗಿಂತ ಕಾಡುವುದು ತೇವ. ಫ್ರಿಜ್‌ನಿಂದ ತೆಗೆದ ಕೇಕಿನ ಮೇಲೆ ಇಬ್ಬನಿಯಂತೆ ಹನಿ ಕೂರುತ್ತದೆ. ಅದಕ್ಕೆ ಫ್ರಿಜ್‌ನಲ್ಲಿರುವಾಗಲೇ ಕೇಕನ್ನು ಪೆಟ್ಟಿಗೆಯಲ್ಲಿ ಮುಚ್ಚಿಡಿ. ಹೊರಗೆ ತಂದ ಮೇಲೆ ಹದಿನೈದು, ಇಪ್ಪತ್ತು ನಿಮಿಷ ಮುಚ್ಚಳ ತೆಗೆಯಬೇಡಿ, ಹನಿ ಪೆಟ್ಟಿಗೆಯ ಮೇಲೆ ಕೂರಲಿ. ಗುಡುಗು ಬಂದರೆ ಕರೆಂಟು ಹೋಗುತ್ತದೆ ಎಂಬುದು ಗೊತ್ತೇ ಇದೆ. ಮಂಜುಗಡ್ಡೆಯ ಎರಡು ಬಾಟಲಿ ಫ್ರೀಜರ್‌ನಲ್ಲಿ ಸದಾ ಇರಲಿ.

ದೂರ ಒಯ್ಯುವುದಾದರೆ ಹೊಸ ಥರ್ಮಕೋಲ್ ಪೆಟ್ಟಿಗೆ, ಒಳಗೆ ಬಟ್ಟೆ ಸುತ್ತಿದ ಆ ಬಾಟಲಿಗಳು, ಕಾರಿನಲ್ಲಿ ಸೀಟಿನ ಮೇಲಲ್ಲ, ಕಾಲಿಡುವ ಸಮತಟ್ಟು ಜಾಗದಲ್ಲಿ. ಎ.ಸಿ. ಇದ್ದರೆ ಹೊರಡುವ ಹತ್ತು ನಿಮಿಷ ಮೊದಲೇ ಹಾಕಿಡಿ. ಉಪ್ಪಳಕ್ಕೆ ಈಗ ನಾನು ಕೇಕ್ ಒಯ್ಯುವುದು ಹೀಗೆ, ಬೆಳಗ್ಗೆ ಒಂಬತ್ತರ ಒಳಗೆ.

ಎರ್ಮಿನ್ ಹಚ್ಚಿದ ಕೇಕ್ ಫ್ರಿಜ್‌ನಿಂದ ತೆಗೆದ ಕೂಡಲೇ ಗಟ್ಟಿಯಾಗಿರುತ್ತದೆ. ಕತ್ತರಿಸುವ ಮೊದಲು ಬೇಸಗೆಯಲ್ಲಿ ಹದಿನೈದು ನಿಮಿಷ, ಮಳೆಗಾಲದಲ್ಲಿ ಅರ್ಧ ಗಂಟೆ ಹೊರಗಿಡಲು ಆ ಮನೆಯವರಿಗೆ ಹೇಳಿ. ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿ ಕತ್ತರಿಸಿದರೆ ಬಿಳಿಗೆ ಕೆಂಪು ಹತ್ತುವುದಿಲ್ಲ. ಪಾತ್ರೆಯಲ್ಲಿ ಉಳಿದ ಕ್ರೀಮನ್ನು ಮುಚ್ಚಿ ಫ್ರಿಜ್‌ನಲ್ಲಿಟ್ಟರೆ ನಾಲ್ಕೈದು ದಿನ ಇರುತ್ತದೆ. ಮತ್ತೆ ಬಳಸುವಾಗ ತುಸು ಹೊತ್ತು ಹೊರಗಿಟ್ಟು ಎರಡು ನಿಮಿಷ ಬೀಟ್ ಮಾಡಿ.